ಇತಿಹಾಸ ವಿಭಾಗದಲ್ಲಿ ಒಣಮೀನು

ಗ್ರಂಥಾಲಯದಲ್ಲಿ ನಾನು ನೋಡಿಕೊಳ್ಳುವ ಸ್ಥಳೀಯ ಇತಿಹಾಸ ವಿಭಾಗಕ್ಕೆ ಜನ ಬರುವುದು ಹೆಚ್ಚಾಗಿ ಶೌಚಾಲಯಕ್ಕೆ. ಅಲ್ಲಿಗೆ ದಾರಿ ಇರುವುದು ನಮ್ಮ ಕೋಣೆಯ ಮೂಲಕವೇ. ಹೋಗುವಾಗ ಯಾರಿಗೂ ಇತಿಹಾಸ ಕಾಣಿಸುವುದಿಲ್ಲ. ಬರುವಾಗ ನಿರಾಳವಾಗಿರುತ್ತಾರೆ, ಗೋಡೆ ನೋಡುತ್ತಾರೆ. ಆದ್ದರಿಂದ ಒಳ್ಳೊಳ್ಳೆಯ ಫೋಟೊಗಳನ್ನೆಲ್ಲ ಬರುವವರ ಕಣ್ಣಿಗೆ ಬೀಳುವ ಹಾಗೆ ತೂಗುಹಾಕಿದ್ದೇನೆ.

ದಿನಾ ಟಿ. ನರಸೀಪುರದಿಂದ ಬಸ್ಸಿನಲ್ಲಿ ನಂಜನಗೂಡಿಗೆ ಬಂದು ನಾನು ಮಾಡುವ ಮುಖ್ಯ ಕೆಲಸ ಬೈಯುವುದು. ಗಾಜಿಗೆ ಒರಗಬೇಡಿ, ಕಡಲೆಕಾಯಿ ಸಿಪ್ಪೆ ಹಾಕಬೇಡಿ, ಇದು ಬಸ್‌ಸ್ಟ್ಯಾಂಡ್ ಅಲ್ಲ. ತಿಂಡಿ ಬಂದರೆ ಇರುವೆ ಬರುತ್ತದೆ, ಅದರ ಹಿಂದೆ ಜಿರಲೆ, ಜಿರಲೆಯ ಹಿಂದೆ ಇಲಿ. ಇಲಿಗೆ ಹಳೇ ಕಾಗದವೆಂದರೆ ಹೋಳಿಗೆ ಇದ್ದಂತೆ. ‘ಇಲಿಗಳ ಕಾಟವಿಲ್ಲ’ ಎಂದು ಮೇಲಿನ ಕಚೇರಿಗೆ ಪ್ರತಿ ತಿಂಗಳೂ ಹೆಮ್ಮೆಯಿಂದ ಬರೆದು ಕಳಿಸುತ್ತೇನೆ.

ನಮ್ಮ ಫೋಟೊಗಳಲ್ಲಿ ನನಗೆ ತಲೆನೋವಾಗಿದ್ದದ್ದು ಒಂದೇ. ಹುಲ್ಲಹಳ್ಳಿ ಕಡೆ ಕಾಲುವೆಯ ಹೂಳೆತ್ತುವಾಗ ಯಾರೋ ಎಂಜಿನಿಯರು ತೆಗೆದ ಕಪ್ಪು ಬಿಳುಪು ಚಿತ್ರ ಅದು. ತಲೆಯ ಮೇಲೆ ಮಣ್ಣಿನ ಮಂಕರಿ ಹೊತ್ತ ಹೆಂಗಸರು ಸಾಲಾಗಿ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾರೆ. ಪುಣ್ಯಾತ್ಮ ಎಂಜಿನಿಯರು ಫೋಟೊದ ಹಿಂದೆ ಕಾಲುವೆಯ ಉದ್ದ, ಅಗಲ, ಆಳ ಎಲ್ಲ ಬರೆದಿದ್ದಾನೆ. ಒಬ್ಬ ಹೆಂಗಸಿನ ಹೆಸರೂ ಬರೆದಿಲ್ಲ. ಇವರು ಯಾರೆಂದು ಬಲ್ಲವರು ತಿಳಿಸಿ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆ, ವಾಟ್ಸಾಪಿನಲ್ಲಿ ಹಾಕಿದೆ. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಬಂದು, ಪ್ರಕಟಣೆಯ ಅಕ್ಷರ ತೀರಾ ಸಣ್ಣದಾಯಿತು ಎಂದು ಹೇಳಿ, ಶೌಚಾಲಯಕ್ಕೆ ಹೋಗಿ ಹೊರಟುಹೋದರು.

ಕಳೆದ ವರ್ಷ ಹುಲ್ಲಹಳ್ಳಿ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಎಲ್ಲರ ಹಾಗೆಯೇ ಒಳಗೆ ಬಂದಳು. ಎಲ್ಲರ ಹಾಗೆ ಹೊರಗೆ ಹೋಗಲಿಲ್ಲ. ಆ ಫೋಟೊದ ಮುಂದೆ ನಿಂತೇಬಿಟ್ಟಳು.

“ಇವ್ಳು ನಮ್ಮವ್ವ,” ಎಂದಳು. “ಪಕ್ಕದಲ್ಲಿ ಸೀರೆ ಇಡ್ಕಂಡು ಸುಂಬಳ ಸುರಿಸ್ಕಂಡು ನಿಂತದಲ್ಲ ಮಗ, ಅದು ನಾನೇ ಕಣವ್ವ.”

ಫೋಟೊದಲ್ಲಿದ್ದ ಮೂಗನ್ನೂ ಎದುರಿಗಿದ್ದ ಮೂಗನ್ನೂ ನೋಡಿದೆ. ಸಂಶಯಕ್ಕೆ ಜಾಗವೇ ಇರಲಿಲ್ಲ.

“ಆ ವರ್ಸವೇ ಓಗ್ಬುಟ್ಲು. ಮೊಕ ಮರ್ತೋಗಿತ್ತು. ವರ್ಸಾವರ್ಸ ಬರೀ ಚೊಂಬಿನ ಮುಂದೆ ಎಡೆ ಇಕ್ತಿದ್ದೆ. ಈ ಸಲ ಇಲ್ಲೇ ಬಂದು ಇಕ್ತೀನಿ.”

ಮಹಾಲಯ ಅಮಾವಾಸ್ಯೆ ಹತ್ತಿರದಲ್ಲೇ ಇತ್ತು. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಗೆ ಬಡಿಸಿ, ಬಾಗಿಲು ಮುಚ್ಚಿಕೊಂಡು, ಅವರು ಬಂದು ಉಂಡು ಹೋಗಲೆಂದು ಹೊರಗೆ ಕಾಯುವ ಹಬ್ಬ. ಅದನ್ನು ನನ್ನ ಕೋಣೆಯಲ್ಲಿ ಮಾಡುವುದೇ? ನನಗೆ ಪಿತ್ತ ನೆತ್ತಿಗೇರಿತು. ಆದರೂ ಸಾವರಿಸಿಕೊಂಡು, ಇದರದೇ ದೊಡ್ಡ ಪ್ರಿಂಟು ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ಕೊಡುತ್ತೇನೆ, ಮನೆಯಲ್ಲೇ ಎಡೆ ಇಡಿ ಅಜ್ಜಿ ಎಂದೆ.

“ಅಟ್ಟೀಲಿ ಇಕ್ಕುದ್ರೆ ಅವ್ವಂಗೆ ಎಂಗೆ ಗೊತ್ತಾದದು? ನಮ್ಮಟ್ಟಿ ಆಮೇಲೆ ಕಟ್ಟಿದ್ದು, ಅವ್ಳು ನೋಡೇ ಇಲ್ಲ. ಇಲ್ಲಾದ್ರೆ ಬಂದು ಕುಂತವ್ಳೆ, ಜಾಗ ರೂಢಿ ಆಗದೆ.”

ಇದಕ್ಕೆ ನಮ್ಮ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ‘ಮೊಕ ಮರ್ತೋಗಿತ್ತು’ ಎಂಬ ಮಾತೂ ತಲೆಯಿಂದ ಹೋಗಲಿಲ್ಲ. ನನ್ನ ಅಮ್ಮ ಕೆಮ್ಮಿದರೂ ಸೀನಿದರೂ ನಾನು ಫೋಟೊ ತೆಗೆದಿಟ್ಟುಕೊಂಡವಳು. ಕೊನೆಗೆ ಒಪ್ಪಿದೆ, ಷರತ್ತು ಹಾಕಿ. ಊದುಕಡ್ಡಿ, ಕರ್ಪೂರ ಬೇಡ. ಗಾಜಿಗೆ ಕುಂಕುಮ ಬೇಡ. ಮೀನು, ಮಾಂಸ ಬೇಡವೇ ಬೇಡ. ನಾನು ಮಠದ ಪಕ್ಕದ ಮನೆಯಲ್ಲಿ ಬೆಳೆದವಳು, ನಮ್ಮಲ್ಲಿ ಈರುಳ್ಳಿಯೂ ಹಿತ್ತಲ ಬಾಗಿಲಿನಿಂದಲೇ ಬರುತ್ತಿತ್ತು.

“ಕಡ್ಡಿ ಕರ್ಪೂರ ಬುಟ್ಟೆ,” ಎಂದಳು ಅಜ್ಜಿ. “ಒಣಮೀನು ಬುಡಕ್ಕಾಗಲ್ಲ. ಅವ್ವ ಬರಾದೇ ಅದ್ಕೆ.”

ಅಮಾವಾಸ್ಯೆಗೆ ಸರ್ಕಾರಿ ರಜೆ. ಯಾರೂ ಇಲ್ಲದಾಗ ಮುಗಿಸಿಬಿಡೋಣವೆಂದು ನಾನೇ ಹೋಗಿ ಬೀಗ ತೆಗೆದೆ. ಅಜ್ಜಿ ಬಂದಳು. ಅವಳ ಹಿಂದೆ ಬಾಳೆ ಎಲೆ, ಪಾತ್ರೆ, ಮಕ್ಕಳು ಮರಿಗಳ ಸಮೇತ ಅರ್ಧ ಬಸ್ಸು ಬಂತು.

“ಅವರವರ ಅವ್ವದೀರೂ ಇಲ್ಲೇ ಅವ್ರಲ್ಲ, ಅದ್ಕೇ ಕರ್ಕಬಂದೆ,” ಎಂದಳು, ನನ್ನ ಮುಖ ನೋಡದೆ.

ನಾನು ಬಾಯಿ ತೆರೆಯುವುದರೊಳಗೆ ನೆಲದ ಮೇಲೆ ಎಲೆ ಹಾಸಿ ಆಗಿತ್ತು. ಎಡಗಡೆಯ ಎತ್ತರದ ಹೆಂಗಸು ಯಾರ ಅಜ್ಜಿ ಎಂಬುದಕ್ಕೆ ಇಬ್ಬರು ಗಂಡಸರಿಗೆ ಜಗಳವೂ ಹತ್ತಿತ್ತು.

“ನಮ್ಮಜ್ಜಿ ಕಣ್ಲಾ ಅದು! ನಿಮ್ಮಜ್ಜಿ ಕುಳ್ಳಿ!”

“ಮಂಕ್ರಿ ತೆಗ್ದು ನೋಡ್ಲಾ, ಯಾರು ಕುಳ್ಳಿ ಅಂತ ಗೊತ್ತಾಯ್ತದೆ!”

“ಇಬ್ರೂ ಇಕ್ರಲಾ,” ಎಂದಳು ಅಜ್ಜಿ. “ಮಣ್ಣು ಒತ್ತು ಒತ್ತು ಅಸ್ದವ್ಳೆ, ಎಲ್ಡು ಎಲೆ ಉಂಡಾಳು.”

ಆಗ ನನಗೆ ತಲೆ ಓಡಿತು. ಪತ್ರಿಕೆಗೆ, ವಾಟ್ಸಾಪಿಗೆ ಸಿಗದ ಹೆಸರುಗಳೆಲ್ಲ ಒಂದೊಂದು ಎಲೆಯ ಮುಂದೆ ಕೈಮುಗಿದು ನಿಂತಿದ್ದವು. ಬೈಯುವುದನ್ನು ಬಿಟ್ಟು ಪೆನ್ಸಿಲ್ ತಂದೆ. ಇದು ಯಾರು, ಯಾವ ಊರಿನವಳು, ಯಾರ ಮಗಳು ಎಂದು ಕೇಳಿ ಕೇಳಿ ಬರೆದುಕೊಂಡೆ. ಬಡಿಸುತ್ತಿದ್ದವರಿಗೆ ನನ್ನದೇ ದೊಡ್ಡ ಕಾಟವಾಯಿತು.

ಎಲ್ಲರೂ ಹೊರಗೆ ಹೊರಟಾಗ ಅಜ್ಜಿ ಮಾತ್ರ ಹಿಂದೆ ಉಳಿದಳು. ಗಾಜಿನ ಹತ್ತಿರ ಬಗ್ಗಿ, ಗದ್ದೆ ಬದುವಿನಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದಳು.

“ಮಂಕ್ರಿ ಇಳ್ಸವ್ವ. ಇಳ್ಸಿ ಉಣ್ಣು.”

ಆ ಫೋಟೊದ ಗಾಜನ್ನು ದಿನಾ ಒರೆಸುತ್ತಿದ್ದವಳು ನಾನು. ಅವರೆಲ್ಲ ಇಷ್ಟು ವರ್ಷವೂ ಆ ಭಾರ ಹೊತ್ತೇ ನಿಂತಿದ್ದಾರೆ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಬಾಗಿಲು ಮುಚ್ಚಿ ಹೊರಗೆ ಕಾದೆವು. ಅವರು ಕಾದದ್ದು ಹಿರಿಯರಿಗಾಗಿ, ನಾನು ಹೆದರಿದ್ದು ಇರುವೆಗಳಿಗೆ. ಸಾಕಷ್ಟು ಹೊತ್ತಾದ ಮೇಲೆ ಅಜ್ಜಿ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋದಳು. ಅವಳ ಎಲೆಯಲ್ಲಿ ಅನ್ನ, ವಡೆ, ಪಾಯಸ ಇಟ್ಟಂತೆಯೇ ಇದ್ದವು. ಒಣಮೀನು ಇರಲಿಲ್ಲ.

“ನೋಡ್ದಾ? ಮೀನೊಂದ್ನೇ ತಿಂದ್ಕಂಡು ಓಗವ್ಳೆ! ಬಂದಿದ್ಲು ಕಣವ್ವ, ನಮ್ಮವ್ವ ಬಂದಿದ್ಲು!” ಅಜ್ಜಿ ನಗುತ್ತಲೇ ಅಳತೊಡಗಿದಳು. ಮೂಗು ಸುರಿಯತೊಡಗಿತು, ಫೋಟೊದಲ್ಲಿದ್ದ ಹಾಗೆಯೇ.

ಬೀರುವಿನ ಕೆಳಗೆ ಎಳೆದುಕೊಂಡು ಹೋಗಿದ್ದ ಮೀನಿನ ಬಾಲ ನನಗೆ ಕಂಡಿತ್ತು. ಅದರ ಪಕ್ಕದಲ್ಲಿ ಮಿಣಮಿಣ ಎನ್ನುತ್ತಿದ್ದ ಎರಡು ಕಣ್ಣೂ ಕಂಡಿದ್ದವು. ಬೀರುವಿಗೆ ಅಡ್ಡಲಾಗಿ ಸೀರೆ ಹರಡಿಕೊಂಡು ಎಲ್ಲರೂ ಹೋಗುವವರೆಗೆ ಅಲ್ಲೇ ನಿಂತೆ.

ಮರುದಿನವೇ ಇಲಿಬೋನು ತಂದಿಟ್ಟೆ. ಒಂದೂ ಬೀಳಲಿಲ್ಲ. ಈಗ ಫೋಟೊದ ಕೆಳಗೆ ಹೆಂಗಸರ ಹೆಸರುಗಳಿವೆ, ಎತ್ತರದವಳಿಗೆ ಮಾತ್ರ ಎರಡು. ಈ ವರ್ಷ ಮತ್ತೆ ಅಮಾವಾಸ್ಯೆ ಬಂತು. ಅದರ ಹಿಂದಿನ ಸಂಜೆ ಬಸ್ಸಿಗೆ ಹೊರಡುವ ಮುಂಚೆ ಬೋನನ್ನು ತೆಗೆದು, ಬೀರುವಿನೊಳಗಿಟ್ಟು, ಬೀಗ ಹಾಕಿದೆ.