ಚೆಕ್ಕಿಂಗಕ್ಕನ ಅಂಗೈ ಪಾಸು ಮಾಡಿದ ಕಾಲುಗಳು

ಅವಳ ನಿಜವಾದ ಹೆಸರು ಬೀದಿಯ ಅಂಚೆಯವನಿಗೂ ಮರೆತುಹೋಗಿದೆ. ಅಂಗಿ ಹೊಲಿಯುವ ಫ್ಯಾಕ್ಟರಿಯ ಚೆಕ್ಕಿಂಗ್ ಟೇಬಲ್ಲಿನ ಹಿಂದೆ ನಿಂತು ನಿಂತು ಅವಳು ಚೆಕ್ಕಿಂಗಕ್ಕ ಆಗಿದ್ದಾಳೆ. ಸಂದೇಹಪಡುವುದೇ ಅಲ್ಲಿ ಅವಳ ಉದ್ಯೋಗ. ಹೊಲಿದು ಬಂದ ಅಂಗಿಯನ್ನು ನಡುವಿಗೆ ಮಡಚಿ ಎಡತೋಳಿನ ಮೇಲೆ ಬಲತೋಳನ್ನು ಕೂರಿಸುತ್ತಾಳೆ. ಜೋಡಿ ಕೂಡಿದರೆ ಪಾಸು. ಕೂಡದಿದ್ದರೆ ಹೊಲಿದವಳ ಮುಖಕ್ಕೇ ವಾಪಸು. ಸಂಬಳಕ್ಕೆ ಸಂದೇಹಪಡುವವರು ಮನೆಗೆ ಬಂದ ಮೇಲೆ ಬಿಟ್ಟಿಯಾಗಿಯೂ ಪಡುತ್ತಾರೆ. ಹಾಲಿನವನು ಅಳೆದ ಹಾಲನ್ನು ಇವಳು ಮತ್ತೆ ಅಳೆಯುತ್ತಾಳೆ. ಅವನು ತಾನಾಗಿಯೇ "ಶುದ್ಧ ಹಾಲಕ್ಕಾ" ಎಂದ ದಿನ ಮೂಸಿಯೂ ನೋಡುತ್ತಾಳೆ.

"ನನ್ನನ್ನ ಒಪ್ಪೋವಾಗ್ಲೂ ಎರಡು ತೋಳೂ ಸಮ ಇದೆಯಾ ಅಂತ ನೋಡಿದ್ಲು ಸ್ವಾಮಿ," ಎನ್ನುತ್ತಾನೆ ಬಸ್ ಓಡಿಸುವ ಗಂಡ.

"ಮೇಲೆ ತಲೆ ಇದೆಯಾ ಅಂತ ನೋಡ್ಬೇಕಿತ್ತು," ಎಂದು ಅಡುಗೆಮನೆಯಿಂದ ಉತ್ತರ ಬರುತ್ತದೆ.

ಅವಳಿಗೆ ಅವಳಿ ಮಕ್ಕಳು, ಒಂಬತ್ತು ವರ್ಷದ ಪುಟ್ಟ ಮತ್ತು ಪುಟ್ಟಿ. ಪುಟ್ಟನಿಗೆ ಹಿಮೋಫಿಲಿಯಾ. ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಚರ್ಮಕ್ಕೆ ಗೀರೂ ಬೀಳದೆ ಮಂಡಿ, ಮೊಣಕೈ, ಪಾದದ ಕೀಲುಗಳೊಳಗೆ ರಕ್ತ ಜಿನುಗಬಹುದು. ಜಿನುಗುತ್ತಲೇ ಇದ್ದರೆ ಕೀಲು ಹಾಳಾಗಿ ಹುಡುಗ ಬದುಕಿಡೀ ಕುಂಟಬೇಕಾದೀತು. ಅದನ್ನು ತಡೆಯಲು ವಾರಕ್ಕೆರಡು ಇಂಜೆಕ್ಷನ್. ಹೀಗಾಗಿ ಸಂದುಗಳ ಬಗ್ಗೆ ಸಂದೇಹವಿಲ್ಲದ ಬೆಳಗು ಆ ಮನೆಯಲ್ಲಿಲ್ಲ. ಪುಟ್ಟ ಹಾಸಿಗೆಯಿಂದ ಏಳುವ ಮೊದಲೇ ಚೆಕ್ಕಿಂಗಕ್ಕ ಅವನ ಎಡಗಾಲಿನ ಮೇಲೊಂದು ಅಂಗೈ, ಬಲಗಾಲಿನ ಮೇಲೊಂದು ಅಂಗೈ ಇಡುತ್ತಿದ್ದಳು. ಬಿಸಿ ಒಂದೇ, ದಪ್ಪ ಒಂದೇ. "ಪಾಸು. ಏಳು, ಸ್ಕೂಲಿಗೆ ಹೊರಡು." ಲೋಕದಲ್ಲಿ ಅವಳು ಅನುಮಾನಿಸದೆ ಬಿಟ್ಟಿದ್ದು ಆ ಎರಡು ಅಂಗೈಗಳನ್ನು ಮಾತ್ರ.

ಆದ್ದರಿಂದ ಆಸ್ಪತ್ರೆಯವರು ಕೀಲುಗಳ ಸ್ಕ್ಯಾನ್ ಮಾಡಿಸಲು ಕರೆದಾಗ ಅವಳ ಹುಬ್ಬು ಮೇಲೇರಿತು. ಸ್ಕ್ಯಾನ್ ಕೋಣೆಗೆ ಕಾಲಿಟ್ಟವಳೇ ಕೇಳಿದಳು: "ಇದು ಹೊಟ್ಟೇಲಿರೋ ಮಗು ನೋಡೋ ಮಷೀನಲ್ವಾ? ಕಾಲಲ್ಲಿ ಏನು ಹುಡುಕ್ತೀರಾ?"

ಸ್ಕ್ಯಾನ್ ಡಾಕ್ಟರಮ್ಮ ನಗುತ್ತಲೇ ಪುಟ್ಟನ ಎಡಪಾದದ ಕೀಲಿಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಮೂತಿ ಒತ್ತಿದರು. ನಗು ನಿಂತಿತು. ಬಲಪಾದಕ್ಕೂ ಒತ್ತಿದರು.

"ನೋಡಿಯಮ್ಮ, ಈ ಕಪ್ಪು ಜಾಗ. ಒಳಗೆ ನೀರಿನ ಥರ ನಿಂತಿದೆ, ಕೀಲಿನ ಒಳಪದರಾನೂ ದಪ್ಪ ಆಗಿದೆ. ರಕ್ತ ಸ್ವಲ್ಪ ಸ್ವಲ್ಪವೇ ಜಿನುಗ್ತಿರೋ ಹಾಗಿದೆ. ಎರಡು ಕಾಲಲ್ಲೂ. ಇಂಜೆಕ್ಷನ್ ಜಾಸ್ತಿ ಮಾಡ್ಬೇಕಾಗುತ್ತೆ."

"ಎರಡು ಕಾಲಲ್ಲೂ?" ಚೆಕ್ಕಿಂಗಕ್ಕನ ಕಣ್ಣುಗಳು ಕಿರಿದಾದವು. "ಡಾಕ್ಟ್ರೇ, ಎರಡು ತೋಳಲ್ಲೂ ಒಂದೇ ಜಾಗದಲ್ಲಿ ಒಂದೇ ತಪ್ಪು ಬಂದ್ರೆ ಅದು ಹೊಲಿದೋಳ ತಪ್ಪಲ್ಲ, ಮಷೀನಿಂದು. ನಾನು ಇಂಜೆಕ್ಷನ್ ಜಾಸ್ತಿ ಮಾಡ್ಸಲ್ಲ. ಬೆಳಿಗ್ಗೆ ನಾನೇ ಮುಟ್ಟಿ ನೋಡಿದೀನಿ, ಎರಡೂ ಒಂದೇ ಥರ ಇತ್ತು."

"ಒಂದೇ ಥರ ಇತ್ತು, ಒಪ್ಪಿದೆ. ಸರಿಯಾಗಿತ್ತಾ?"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವವಳು ಚೆಕ್ಕಿಂಗಕ್ಕ. ಮೂಲೆಯಲ್ಲಿ ಕೂತಿದ್ದ ಪುಟ್ಟಿಯ ರಟ್ಟೆ ಹಿಡಿದು ಎಬ್ಬಿಸಿದಳು. "ಇವಳಿಗೆ ಹಾಕಿ. ಅದೇ ವಯಸ್ಸು, ಅದೇ ಅಳತೆ. ಇವಳಲ್ಲೂ ಕಪ್ಪು ತೋರ್ಸಿದ್ರೆ ನಿಮ್ಮ ಮಷೀನ್ ರಿಪೇರಿಗೆ ಕಳ್ಸಿ."

ಪುಟ್ಟಿ ಮಂಚ ಹತ್ತಿದಳು. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಆ ಕಪ್ಪು ಮಡು ಎಲ್ಲೂ ಇರಲಿಲ್ಲ.

ಚೆಕ್ಕಿಂಗಕ್ಕ ಮಗಳ ಪಾದದ ಮೇಲೊಂದು ಅಂಗೈ, ಮಗನ ಪಾದದ ಮೇಲೊಂದು ಅಂಗೈ ಇಟ್ಟಳು. ಮಗನದು ತುಸು ಬೆಚ್ಚಗೆ, ತುಸು ದಪ್ಪ. ಎಷ್ಟು ದಿನದಿಂದಲೋ ಅವಳೇ ಪಾಸು ಮಾಡಿ ಕಳಿಸಿದ್ದ ಕಾಲುಗಳು.

"ಏನೋ ಮಾಡಿದೆ?" ಎಂದಳು ಮಗನಿಗೆ.

ಪುಟ್ಟ ಛಾವಣಿ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಪುಟ್ಟಿಯೇ ಬಾಯಿಬಿಟ್ಟಳು: "ನಾನು ಹಾರಿಲ್ಲಮ್ಮ! ಇವನೇ ದಿನಾ ಸ್ಕೂಲಿನ ಕಾಂಪೌಂಡಿಂದ ಹಾರೋದು. ಒಂದೇ ಕಾಲು ಊದ್ಕೊಂಡ್ರೆ ನೀನು ಹಿಡೀತೀಯಂತೆ, ಅದಕ್ಕೇ ಎರಡು ಕಾಲೂ ಸಮ ಊರ್ತಾನೆ."

"ನೋವಾಗ್ತಿರ್ಲಿಲ್ವೇನೋ?"

"ಬೆಳಿಗ್ಗೆ ಬಿಗಿ ಇರ್ತಿತ್ತು. ಆಮೇಲೆ ಹೋಗ್ತಿತ್ತು," ಎಂದ ಪುಟ್ಟ ಮೆಲ್ಲಗೆ.

ಅವಳು ಬೈಯಲಿಲ್ಲ. ಸೆರಗಿನಿಂದ ನಾಲ್ಕು ಪಾದಗಳ ಜೆಲ್ಲನ್ನೂ ಒರೆಸಿ, "ಜಾಸ್ತಿ ಮಾಡಿ, ಡಾಕ್ಟ್ರೇ," ಎಂದಳು. ಬಾಗಿಲ ತನಕ ಹೋದವಳು ತಿರುಗಿ, "ಮುಂದಿನ ಸಲಾನೂ ಇವಳನ್ನ ಕರ್ಕೊಂಡೇ ಬರ್ತೀನಿ. ಮಷೀನ್ ಮೇಲೂ ಒಂದು ಕಣ್ಣಿರ್ಬೇಕಲ್ಲ," ಎಂದಳು.

ಮುಂದಿನ ಸ್ಕ್ಯಾನಿನಲ್ಲಿ ಪುಟ್ಟನ ಕಪ್ಪು ಕುಗ್ಗಿತ್ತು. ಮೊದಲು ಪುಟ್ಟಿಯ ಕಾಲು ತೋರಿಸಿದ ಮೇಲೆಯೇ ಚೆಕ್ಕಿಂಗಕ್ಕ ಅದನ್ನು ನಂಬಿದ್ದು. ಈಗ ಬೆಳಗಾದರೆ ಆ ಮನೆಯಲ್ಲಿ ನಾಲ್ಕು ಕಾಲುಗಳು ಸಾಲಾಗಿ ಚಾಚಿಕೊಳ್ಳುತ್ತವೆ. ಪುಟ್ಟಿ ಕಣ್ಣುಜ್ಜುತ್ತಾ ಗೊಣಗುತ್ತಾಳೆ: "ನಂಗೇನೂ ಆಗಿಲ್ವಲ್ಲಮ್ಮ."

"ಅದಕ್ಕೇ ಕಣೇ ನೀನು ಬೇಕು. ಚಾಚು ಕಾಲು."