ಅಂಗಾಲಿಗೆ ಕೇಳಿದ ತಾಳ

ನಲವತ್ತೈದು ತುಂಬುವ ಹೊತ್ತಿಗೇ ತಾಕ್ ಮಾಲ್ಜಾಳ ಕಿವಿ ಅರ್ಧ ಕೈಕೊಟ್ಟಿತ್ತು. ಬೂಸಾನ್ ಬಂದರಿನ ಎದುರಿಗಿರುವ ಯೊಂಗ್‌ದೊ ದ್ವೀಪದಲ್ಲಿ ಹಡಗಿನ ತುಕ್ಕು ಬಿಡಿಸುವ ಹೆಂಗಸರಿಗೆ ಇದೇನೂ ಹೊಸದಲ್ಲ. ದಡಕ್ಕೆಳೆದ ಹಡಗಿನ ಪಕ್ಕೆಗೆ ಹಗ್ಗದಲ್ಲಿ ಹಲಗೆ ಇಳಿಬಿಟ್ಟು, ಅದರ ಮೇಲೆ ಇಬ್ಬಿಬ್ಬರು ಕೂತು, ದಿನವಿಡೀ ಸುತ್ತಿಗೆಯಿಂದ ಕಬ್ಬಿಣ ಕುಟ್ಟುವ ಕೆಲಸ. ಮನೆಗೆ ಬಂದು ಮಲಗಿದ ಮೇಲೂ ತಲೆಯೊಳಗೆ ಯಾರೋ ಕುಟ್ಟುತ್ತಲೇ ಇರುತ್ತಿದ್ದರು. ಗಂಡ ದೂರದ ಸಮುದ್ರಕ್ಕೆ ಮೀನು ಹಿಡಿಯಲು ಹೋಗುವವನು. ಎಂದಾದರೊಮ್ಮೆ ಊರಿಗೆ ಬಂದರೆ, ಟಿ.ವಿ. ಇಷ್ಟು ಜೋರಾಗಿ ಯಾಕೆ ಎಂದು ಗೊಣಗಿ, ಮತ್ತೆ ಹಡಗು ಹತ್ತುತ್ತಿದ್ದ.

ಹಲಗೆಯ ಮೇಲೆ ಮಾಲ್ಜಾಳ ಜೊತೆಗಾತಿ ಬೊಂಗ್‌ಹೀ. ವಯಸ್ಸಿನಲ್ಲಿ ಸ್ವಲ್ಪ ದೊಡ್ಡವಳು, ಬಾಯಲ್ಲಿ ಬಹಳ ದೊಡ್ಡವಳು. ಮೊದಲ ದಿನದಿಂದಲೂ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದರಿಂದ ಅವಳಿಗೆ ಎಲ್ಲವೂ ಚೆನ್ನಾಗಿ ಕೇಳಿಸುತ್ತಿತ್ತು.

"ಹತ್ತಿ ಇಟ್ಕೊಳ್ಳೇ ಅಂತ ಬಡ್ಕೊಂಡೆ. ನನ್ ಮಾತು ಕೇಳಿದ್ಯಾ ನೀನು?"

"ಏನಂದೆ ಅಕ್ಕ?"

"ಅದನ್ನೇ ಕಣೇ ಹೇಳ್ತಿರೋದು!"

ತಮ್ಮ ದೇಶದಲ್ಲೇ ವಿಶ್ವಕಪ್ ಫುಟ್‌ಬಾಲ್ ನಡೆದ ವರ್ಷ. ಚಳಿಗಾಲ ಶುರುವಾಗಿತ್ತು. ಅವತ್ತು ಕಡಲಗಾಳಿ ಎಷ್ಟು ಬೀಸಿತೆಂದರೆ, ಹಲಗೆ ಇಳಿಸುವುದು ಬೇಡವೆಂದು ಮೇಸ್ತ್ರಿ ಎಲ್ಲರನ್ನೂ ಮನೆಗೆ ಕಳಿಸಿದ. ಇಬ್ಬರೂ ರಸ್ತೆಬದಿಯಲ್ಲಿ ಕಡ್ಡಿಗೆ ಚುಚ್ಚಿದ ಬಿಸಿ ಓಮುಕ್ ಮೀನುತಿಂಡಿ ಕೊಂಡು, ಬೆಚ್ಚಗೆ ನಿಂತು ತಿನ್ನಲು ಪ್ಯೊನ ಆಟದಂಗಡಿಗೆ ನುಗ್ಗಿದರು. ಪ್ಯೊ ಮೊದಲು ಅದೇ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವನು. ಬೆಂಕಿಯ ಸಹವಾಸ ಸಾಕಾಗಿ, ಬಲೆ ಮಾರುತ್ತಿದ್ದ ಹಳೆಯ ಮಳಿಗೆಯಲ್ಲಿ ವಿಡಿಯೊ ಆಟದ ಯಂತ್ರಗಳನ್ನು ತಂದಿಟ್ಟಿದ್ದ. ಮಕ್ಕಳೆಲ್ಲ ಶಾಲೆಯಲ್ಲಿದ್ದರಿಂದ ಅಂಗಡಿ ಖಾಲಿಯಾಗಿತ್ತು.

"ಸ್ಟವ್ ಪಕ್ಕ ಯಾಕೆ ಮುದುಡ್ಕೊಂಡು ನಿಂತಿದ್ದೀರಾ? ಇದರ ಮೇಲೆ ಹತ್ತಿ, ಚಳಿ ಹೇಗೆ ಓಡುತ್ತೆ ನೋಡಿ," ಎಂದು ಅವನು ಮೂಲೆಯ ದೊಡ್ಡ ಯಂತ್ರವನ್ನು ತೋರಿಸಿದ.

ಅದರ ಮುಂದೆ ನೆಲಕ್ಕೆ ಎರಡು ತಟ್ಟೆಗಳಿದ್ದವು, ಒಂದೊಂದರ ಮೇಲೂ ನಾಲ್ಕು ದಿಕ್ಕಿಗೆ ನಾಲ್ಕು ಬಾಣದ ಗುರುತು. ಪರದೆಯ ಮೇಲೆ ಭೂಮಿಯೊಳಗಿನ ಕತ್ತಲ ಕೋಣೆಗಳು. ಒಂದೇ ಲಾಟೀನು ಹಿಡಿದ ಇಬ್ಬರು ಪುಟಾಣಿಗಳು ಅವುಗಳಲ್ಲಿ ಕೆಳಗಿಳಿಯಬೇಕು. ಡೋಲು ಬಡಿದಾಗ ಬಾಣದ ಮೇಲೆ ಒಂದು ಹೆಜ್ಜೆ, ಮತ್ತೆ ಬಡಿದಾಗ ಇನ್ನೊಂದು. ಬಾವಲಿ, ಅಸ್ಥಿಪಂಜರ, ಲೋಳೆಮುದ್ದೆ, ಎಲ್ಲವೂ ಅದೇ ಡೋಲಿಗೇ ಹೆಜ್ಜೆ ಹಾಕುತ್ತವೆ. ಇಬ್ಬರಲ್ಲಿ ಯಾರು ತಾಳ ತಪ್ಪಿದರೂ ಲಾಟೀನು ಆರುತ್ತದೆ, ಇಬ್ಬರ ಕಥೆಯೂ ಮುಗಿಯುತ್ತದೆ.

ಬೊಂಗ್‌ಹೀಯ ಜೊತೆ ಮಾಲ್ಜಾ ಹತ್ತಿದಳು, ಲಾಟೀನು ಆರಿತು. ಮತ್ತೆ ಹತ್ತಿದಳು, ಮತ್ತೆ ಆರಿತು.

"ನಿನ್ನಿಂದ ನಾನೂ ಸಾಯ್ತಿದ್ದೀನಲ್ಲೇ!" ಬೊಂಗ್‌ಹೀ ಕೂಗಿದಳು. "ಡೋಲು ಕೇಳಲ್ವಾ?"

"ಬರೀ ಗುಂಯ್ ಅನ್ನುತ್ತೆ ಅಕ್ಕ."

ಕೆಲಸದ ಬೂಟಿನಲ್ಲಿ ಕಾಲು ಜಾರುತ್ತಿದೆಯೆಂದು ಮಾಲ್ಜಾ ಅದನ್ನು ಕಳಚಿ, ಬರಿಯ ಕಾಲುಚೀಲದಲ್ಲಿ ನಿಂತಳು. ಆಗ ಅವಳಿಗೆ ತಾಳ ಸಿಕ್ಕಿತು. ಯಂತ್ರದ ಸ್ಪೀಕರ್ ತಟ್ಟೆಯ ಕೆಳಗೇ ಇತ್ತು. ಡೋಲು ಅಂಗಾಲಿನಿಂದ ಹತ್ತಿ, ಮೊಣಕಾಲು ದಾಟಿ, ಹೊಟ್ಟೆಯವರೆಗೆ ಬಂತು. ಹಡಗಿನ ಪಕ್ಕೆ ಹೀಗೆಯೇ ನಡುಗುತ್ತಿತ್ತು, ಆದರೆ ಅದು ಹಲ್ಲು ಜುಮ್ಮೆನಿಸುವ ನಡುಕ, ಇದು ಹಿತವಾಗಿತ್ತು. ಅವಳ ಕಾಲು ತಾನಾಗಿಯೇ ಎದ್ದಿತು. ಎರಡನೆಯ ನೆಲಮಾಳಿಗೆಗೆ ಇಳಿಯುವವರೆಗೂ ಲಾಟೀನು ಆರಲಿಲ್ಲ.

ಆಮೇಲೆ ಗಾಳಿಯ ದಿನವೆಂದರೆ ಅವರಿಗೆ ಹಬ್ಬವಾಯಿತು. ಗಾಳಿ ಇಲ್ಲದ ದಿನವೂ ಊಟದ ಬುತ್ತಿಯನ್ನು ಗಬಗಬ ಮುಗಿಸಿ ಓಡುತ್ತಿದ್ದರು. ಬಾವಲಿ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ಒಂದು ಹಿಂದೆ ಬರುತ್ತದೆ, ಅಸ್ಥಿಪಂಜರ ಹೊಡೆಯುವ ಮುಂಚೆ ಕೈ ಎತ್ತುತ್ತದೆ, ಲೋಳೆಮುದ್ದೆ ನಿಂತಲ್ಲೇ ಕುಣಿಯುತ್ತದೆ. ಅವುಗಳ ಹೆಜ್ಜೆ ತಿಳಿದ ಮೇಲೆ ಹೆದರಿಕೆ ಹೋಗಿ ಒಂಥರಾ ಸಲಿಗೆ ಹುಟ್ಟಿತು. ಹಲಗೆಯ ಮೇಲೆ ಕುಟ್ಟುತ್ತಾ ಕೂತಾಗಲೂ ಅದೇ ಮಾತು.

"ನಿನ್ನೆ ಆ ಬಾವಲಿ ನಂಗೆ ಕಣ್ಣು ಹೊಡೀತು ಕಣೇ," ಎನ್ನುತ್ತಿದ್ದಳು ಬೊಂಗ್‌ಹೀ.

"ನಿನ್ ಮುಖ ನೋಡಿ ಕಣ್ಣು ಮುಚ್ಕೊಂಡಿರುತ್ತೆ, ಪಾಪ."

ಕೊನೆಯ ನೆಲಮಾಳಿಗೆಯಲ್ಲಿ ಮಾತ್ರ ಅವರ ಆಟ ನಡೆಯಲಿಲ್ಲ. ಅಲ್ಲಿ ಗಂಟೆಯಂಥ ತಲೆಯ ಒಬ್ಬ ದೈತ್ಯನಿದ್ದ. ಅವನು ನಡುನಡುವೆ ಡೋಲಿನ ಒಂದು ಪೆಟ್ಟನ್ನು ನುಂಗಿಬಿಡುತ್ತಿದ್ದ. ಡೋಲು ಸುಮ್ಮನಾದಾಗಲೂ ಹೆಜ್ಜೆ ಹಾಕಬೇಕು. ಮಾಲ್ಜಾ ಹಾಕಿದರೆ ಬೊಂಗ್‌ಹೀ ನಿಲ್ಲುವಳು, ಬೊಂಗ್‌ಹೀ ಹಾಕಿದರೆ ಮಾಲ್ಜಾ ನಿಲ್ಲುವಳು. ಚಳಿಗಾಲ ಪೂರ್ತಿ ಅವನ ಕಾಲಡಿಯಲ್ಲಿ ಸತ್ತರು.

ಚಳಿ ಇಳಿಯುವಷ್ಟರಲ್ಲಿ ಬೊಂಗ್‌ಹೀಯ ಮೊಣಕಾಲು ಸೋತಿತು. ಹಲಗೆಗೆ ಇಳಿಯುವುದಿರಲಿ, ಮನೆಯ ಮೆಟ್ಟಿಲೂ ಕಷ್ಟವಾಯಿತು. ಮಗಳು ಬಂದು ಅವಳನ್ನು ಜಿಂಜು ಊರಿಗೆ ಕರೆದುಕೊಂಡು ಹೋದಳು. ಬಸ್ಸು ಹೊರಟಾಗ ಅವಳು ಕಿಟಕಿಯಿಂದ ಏನೋ ಕೂಗಿದಳು. ಮಾಲ್ಜಾಳಿಗೆ ಕೇಳಿಸಲಿಲ್ಲ, ಕೇಳಿಸಿತೆಂಬಂತೆ ತಲೆಯಾಡಿಸಿದಳು.

ಹಲಗೆಗೆ ಹೊಸ ಜೊತೆಗಾತಿ ಬಂದಳು. ಒಳ್ಳೆಯವಳೇ, ಆದರೆ ಮಾತು ಕಡಿಮೆ. ಮಾಲ್ಜಾ ಆಟದಂಗಡಿಯ ಕಡೆ ತಲೆಹಾಕುವುದನ್ನೇ ಬಿಟ್ಟಳು. ಒಂದು ಮಧ್ಯಾಹ್ನ ಅವಳು ಆ ಬೀದಿಯಲ್ಲಿ ಹೋಗುತ್ತಿದ್ದಾಗ ಪ್ಯೊ ತಾನೇ ಅಂಗಡಿಯ ಬಾಗಿಲಿಗೆ ಬಂದು ಕೈಬೀಸಿ ಕರೆದ. "ಯಂತ್ರಕ್ಕೆ ಧೂಳು ಹಿಡೀತಿದೆ ಅಕ್ಕ. ನಾನೇ ಜೊತೆಗೆ ನಿಲ್ತೀನಿ, ಬನ್ನಿ."

ಅವನು ದಿನವೂ ಮಕ್ಕಳ ಆಟ ನೋಡಿ ಪಳಗಿದವನು. ದೈತ್ಯ ನುಂಗಿದ ಪೆಟ್ಟಿಗೂ ಸರಿಯಾಗಿ ಹೆಜ್ಜೆಯಿಟ್ಟ. ಮಾಲ್ಜಾ ಓರೆಗಣ್ಣಿನಿಂದ ಅವನ ಕಾಲನ್ನೇ ನೋಡುತ್ತಾ ಹೆಜ್ಜೆ ಹಾಕಿದಳು. ದೈತ್ಯ ಬಿದ್ದ. ಪರದೆಯಲ್ಲಿ ಇಬ್ಬರು ಪುಟಾಣಿಗಳು ಬಿಲದಿಂದ ಮೇಲೆ ಬಂದರು, ಎದುರಿಗೆ ಸಮುದ್ರ, ಸೂರ್ಯ ಹುಟ್ಟುತ್ತಿದ್ದ. ಇಷ್ಟೇನಾ ಎನಿಸಿತು ಮಾಲ್ಜಾಳಿಗೆ. ತಟ್ಟೆಯಿಂದ ಇಳಿದು, "ಬೊಂಗ್‌ಹೀ ಅಕ್ಕನಿಗೆ ಫೋನ್ ಹಚ್ಚು," ಎಂದಳು.

ಫೋನಿನಲ್ಲಿ ಕೇಳಿಸಿಕೊಳ್ಳುವುದು ಅವಳಿಗಾಗುತ್ತಿರಲಿಲ್ಲ. ಅವಳು ಕಿರುಚಿದ್ದು ಆ ಕಡೆಗೆ ಹೋಗುತ್ತಿತ್ತು, ಆ ಕಡೆಯದನ್ನು ಪ್ಯೊ ಅವಳಿಗೆ ಕಿರುಚಿ ಹೇಳುತ್ತಿದ್ದ.

"ಅಕ್ಕಾ, ಗಂಟೆತಲೆಯವನು ಸತ್ತ!"

"ಯಾರ ಜೊತೆ ಸೇರಿ ಕೊಂದೆ ಅಂತ ಕೇಳ್ತಿದ್ದಾರೆ."

"ಪ್ಯೊ ಜೊತೆ!"

ಪ್ಯೊ ಫೋನನ್ನು ಕಿವಿಯಿಂದ ದೂರ ಹಿಡಿದ. "ಕಳ್ಳಿ ಅಂತಿದ್ದಾರೆ. ನನ್ನನ್ನೂ ಏನೋ ಅಂದ್ರು, ಅದನ್ನು ಹೇಳಲ್ಲ. ಇದು ಲೆಕ್ಕಕ್ಕಿಲ್ವಂತೆ. ಅವರೇ ಬರ್ತಾರಂತೆ."

ಚೆರ್ರಿ ಹೂ ಉದುರಿದ ಮೇಲೆ ಬೊಂಗ್‌ಹೀ ಬಂದಳು, ಕೈಯಲ್ಲಿ ಕೋಲು, ಮೊಣಕಾಲಿಗೆ ಪಟ್ಟಿ. ತಟ್ಟೆಯ ಮೇಲೆ ನಿಲ್ಲಲು ನೋಡಿದಳು, ಆಗಲಿಲ್ಲ. ಶಾಲೆ ಬಿಟ್ಟಿತ್ತು, ಮಕ್ಕಳು ಸುತ್ತ ನೆರೆದಿದ್ದರು. ಬೊಂಗ್‌ಹೀ ಕೋಲನ್ನು ಪ್ಯೊನ ಕೈಗೆ ಕೊಟ್ಟು, ಉಸ್ಸೆಂದು ತಟ್ಟೆಯ ಮೇಲೆ ಕೂತೇಬಿಟ್ಟಳು.

"ಏನೇ ಪಿಳಿಪಿಳಿ ನೋಡ್ತೀಯಾ? ಕೂತ್ಕೋ. ಇಷ್ಟು ವರ್ಷ ನಿಂತ್ಕೊಂಡು ಕೆಲಸ ಮಾಡಿದ್ವಾ ನಾವು?"

ಮಾಲ್ಜಾ ಪಕ್ಕದ ತಟ್ಟೆಯಲ್ಲಿ ಕೂತಳು. ಇಬ್ಬರೂ ಬಾಣದ ಗುರುತುಗಳನ್ನು ಅಂಗೈಯಿಂದ ಬಡಿಯುತ್ತಾ ಒಂದೊಂದೇ ನೆಲಮಾಳಿಗೆ ಇಳಿದರು. ದೈತ್ಯ ಎದುರಾದ. ಡೋಲು ಸುಮ್ಮನಾದ ಮೊದಲ ಕ್ಷಣದಲ್ಲೇ ಬೊಂಗ್‌ಹೀ ಭುಜದಿಂದ ಅವಳನ್ನು ಗುದ್ದಿದಳು, ಇಬ್ಬರ ಕೈಗಳೂ ಒಟ್ಟಿಗೆ ಬಿದ್ದವು. ಮತ್ತೆ ಮೌನ, ಮತ್ತೆ ಗುದ್ದು. ಮಕ್ಕಳು ಇನ್ನೂ ಹತ್ತಿರಕ್ಕೆ ನುಗ್ಗಿದರು. ದೈತ್ಯ ಉರುಳಿದಾಗ ಎದ್ದ ಕೂಗಿಗೆ ಎದುರಿನ ಮೀನಂಗಡಿಯವಳು ಚಾಕು ಹಿಡಿದೇ ಓಡಿ ಬಂದಳು. ಪರದೆಯಲ್ಲಿ ಅದೇ ಸಮುದ್ರ, ಅದೇ ಸೂರ್ಯ. ಈ ಸಲ ಮಾಲ್ಜಾ ಅದನ್ನು ಕಣ್ತುಂಬ ನೋಡಿದಳು.

ಕೆಲವು ವರ್ಷಗಳ ನಂತರ ಪ್ಯೊನ ಅಂಗಡಿ ಮುಚ್ಚಿತು. ಯಂತ್ರಗಳನ್ನು ಲಾರಿ ಒಯ್ದಿತು. ಬೊಂಗ್‌ಹೀ ಜಿಂಜುವಿನಲ್ಲೇ ತೀರಿಕೊಂಡಳು. ಸುತ್ತಿಗೆ ಹಿಡಿದ ಹೆಂಗಸರೂ ಕಡಿಮೆಯಾದರು. ಕಿವಿಗೆ ಯಂತ್ರ ಹಾಕಿಕೊಂಡ ಮಾಲ್ಜಾ ಈಗ ಓಣಿಯ ಹಿರಿಯರೆಲ್ಲ ಸೇರುವ ಕೋಣೆಯಲ್ಲಿ ಇಸ್ಪೀಟು ಆಡುತ್ತಾ ಹೊತ್ತು ಕಳೆಯುತ್ತಾಳೆ. ಕಳೆದ ಶರತ್ಕಾಲದಲ್ಲಿ, ಹಳೆಯ ಕೆಲಸಗಾರರ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದ ಒಬ್ಬ ಹುಡುಗಿ ಅಲ್ಲಿಗೆ ಬಂದು, ಆ ಕಾಲದ್ದೆಂದು ಏನು ನೆನಪಾಗುತ್ತದೆ ಎಂದು ಕೇಳಿದಳು.

"ಗಂಟೆತಲೆಯ ದೈತ್ಯ," ಎಂದಳು ಮಾಲ್ಜಾ.

ಹುಡುಗಿ ತಮಾಷೆಯೆಂದು ನಕ್ಕಳು. ಮಾಲ್ಜಾ ನಗಲಿಲ್ಲ. ಇಸ್ಪೀಟಿನ ಎಲೆಗಳನ್ನು ಪಕ್ಕಕ್ಕೆ ಸರಿಸಿ, ಬಾವಲಿ ಎಲ್ಲಿಂದ ಎಲ್ಲಿಗೆ ಹಾರುತ್ತದೆಂದು ಮೇಜಿನ ಮೇಲೆ ಬೆರಳಿನಿಂದ ತೋರಿಸುತ್ತಾ ಎಲ್ಲವನ್ನೂ ಹೇಳಿದಳು. ಹುಡುಗಿ ಬರಬರುತ್ತಾ ತನ್ನ ಪ್ರಶ್ನೆಗಳನ್ನೇ ಮರೆತಳು.

"ದೈತ್ಯ ಬಿದ್ದ ಮೇಲೆ ಏನಾಯ್ತಜ್ಜಿ?"

"ಇನ್ನೇನಾಗುತ್ತೆ? ಬೊಂಗ್‌ಹೀ ಅಕ್ಕನಿಗೆ ಹಸಿವಾಯ್ತು. ನೂಡಲ್ಸ್ ತಿನ್ನೋಕೆ ಹೋದ್ವಿ."