ತಂಬಿಗೆಯೊಳಗಿನವರು

ಬಾವಿಯ ಮೋಟರು ಸುಟ್ಟು ನೀರಿಲ್ಲವೆಂದು ತೇರದಾಳದ ಜೈನ ಅಜ್ಜಿಯೊಬ್ಬರು ಫೋನ್ ಮಾಡಿದ್ದರು. ರಿಪೇರಿಗೆ ಹೋಗುವಾಗ ಚಿಕ್ಕಪಡಸಲಗಿಯ ಹೊಳೆಯಿಂದ ಒಂದು ಕ್ಯಾನ್ ನೀರನ್ನೂ ಒಯ್ದೆ. ಅಜ್ಜಿ ಅದನ್ನು ದಪ್ಪ ಬಟ್ಟೆಯಲ್ಲಿ ಸೋಸಿದರು. ಆಮೇಲೆ ಆ ಬಟ್ಟೆ ತೊಳೆದ ನೀರನ್ನು ತಂಬಿಗೆಗೆ ಹಾಕಿ ನನ್ನ ಕೈಗಿಟ್ಟರು.

“ತಮ್ಮಾ, ಇದರಾಗ ಕಣ್ಣಿಗೆ ಕಾಣದ ಜೀವ ಅದಾವು. ಹೊಳಿಯಾಗಿನವು ಹೊಳಿಗೇ ಹೋಗಬೇಕು. ಮ್ಯಾಲಿಂದ ಸುರವಬ್ಯಾಡ.”

ಗಟಾರಕ್ಕೆ ಚೆಲ್ಲಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ತಂಬಿಗೆಯನ್ನು ತೊಡೆಗಳ ನಡುವೆ ಅವುಚಿಕೊಂಡೆ. ತಗ್ಗು ತಪ್ಪಿಸುತ್ತ, ಕಬ್ಬಿನ ಹೊಲಗಳ ನಡುವೆ ಬೈಕು ತೇಲುತ್ತ ಹೋಯಿತು. ಸಂಜೆ ಬಿಸಿಲಿನ ಹೊಳೆಗೆ ಇಳಿದು, ತಂಬಿಗೆ ಮುಳುಗಿಸಿ ಮೆಲ್ಲಗೆ ಓರೆ ಮಾಡಿದೆ. ಏನೂ ಕಾಣಲಿಲ್ಲ. ಯಾರೋ ಮನೆ ಸೇರಿದಂತೆ ಅನಿಸಿತು.

ಹೆಂಡತಿಯನ್ನು ಕೂರಿಸಿಕೊಂಡಾಗಲೂ ನಾನು ಅಷ್ಟು ನಿಧಾನ ಗಾಡಿ ಹೊಡೆದವನಲ್ಲ. ಆಕೆಗಿನ್ನೂ ಹೇಳಿಲ್ಲ.